ಠಾಣೆಯಲ್ಲಿ ಬಿಟ್ಟುಬಂದ ಬಂದೂಕು ಯಾರದು?

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾದಾಗ ಸುರಪುರದವರ ಪಾಲಿಗೆ ಬಂದದ್ದು ಒಂದಲ್ಲ, ಎರಡು ಚುನಾವಣೆ. ಶಾಸಕ ರಾಜಾ ವೆಂಕಟಪ್ಪ ನಾಯಕರ ನಿಧನದಿಂದ ತೆರವಾಗಿದ್ದ ವಿಧಾನಸಭಾ ಸ್ಥಾನಕ್ಕೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೂ ಮೇ 7ರಂದು ಒಟ್ಟಿಗೇ ಮತದಾನ ನಡೆಯಿತು. ನೆರೆಯ ಶಹಾಪುರ, ಯಾದಗಿರಿಯವರೂ ಅದೇ ದಿನ ಮತ ಹಾಕಿದರು. ಜೂನ್ 4ಕ್ಕೆ ಫಲಿತಾಂಶ ಬಂತು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಗಿಂತ ಮೊದಲು ನಡೆಯುವ ಕೆಲಸವೊಂದಿದೆ: ಪರವಾನಗಿ ಇರುವ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ತಂದು ಜಮೆ ಮಾಡಿ ಎಂಬ ಸೂಚನೆ. ಜನ ತಂದುಕೊಡುತ್ತಾರೆ, ಚುನಾವಣೆ ಮುಗಿದ ಮೇಲೆ ಹೆಚ್ಚಿನವರು ಬಂದು ಒಯ್ಯುತ್ತಾರೆ. ಎಲ್ಲರೂ ಬರುವುದಿಲ್ಲ. ಕೆಲವರಿಗೆ ವಯಸ್ಸಾಗಿರುತ್ತದೆ, ಕೆಲವರ ಪರವಾನಗಿಯ ಅವಧಿ ಮುಗಿದಿರುತ್ತದೆ. ಕೆಲವರು ತೀರಿಕೊಂಡಿರುತ್ತಾರೆ. ಅಪ್ಪ ಬಂದೂಕು ಎಲ್ಲಿಟ್ಟಿದ್ದಾನೆಂಬುದೇ ಮಕ್ಕಳಿಗೆ ಗೊತ್ತಿರುವುದಿಲ್ಲ. ಹಾಗೆ ಠಾಣೆಯ ಕಪಾಟಿನಲ್ಲಿ ಉಳಿದುಹೋದ ಬಂದೂಕು ಯಾರದು? ಠಾಣೆಯವರನ್ನು ಕೇಳಿದರೆ ಕೊಟ್ಟವರದು ಎನ್ನುತ್ತಾರೆ, ಮನೆಯವರನ್ನು ಕೇಳಿದರೆ ಸರ್ಕಾರಕ್ಕೆ ಹೋಯಿತು ಎನ್ನುತ್ತಾರೆ. ಕಾನೂನಿನ ಉತ್ತರ ಬೇರೆಯೇ ಇದೆ. ಬರೀ ಮೌನದಿಂದ ಬಂದೂಕು ಸರ್ಕಾರದ್ದಾಗುವುದಿಲ್ಲ, ಬರೀ ರಸೀದಿಯಿಂದ ಅದು ಎಂದೆಂದಿಗೂ ನಿಮ್ಮದಾಗಿಯೂ ಉಳಿಯುವುದಿಲ್ಲ. ಲಿಖಿತ ನೋಟಿಸು, ಉತ್ತರಕ್ಕೆ ಅವಕಾಶ, ಲಿಖಿತ ಆದೇಶ, ಈ ಮೂರು ನಡೆದಾಗಲೇ ಅದರ ಒಡೆತನ ತೀರ್ಮಾನವಾಗುವುದು.

ಮೊದಲು ತಿಳಿಯಬೇಕಾದದ್ದು, ಠಾಣೆಯಲ್ಲಿರುವ ಬಂದೂಕುಗಳೆಲ್ಲ ಒಂದೇ ಜಾತಿಯವಲ್ಲ. ಚುನಾವಣೆಗೆಂದು ಜಮೆಯಾದ ಬಂದೂಕಿನ ಪರವಾನಗಿ ಜೀವಂತವಾಗಿರುತ್ತದೆ, ಅದರ ಒಡೆತನದ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರ ಬಂದೂಕನ್ನೂ ಕಣ್ಣುಮುಚ್ಚಿ ಕಸಿಯಿರಿ ಎಂದು ಚುನಾವಣಾ ಆಯೋಗವೂ ಹೇಳಿಲ್ಲ. ಜಿಲ್ಲಾ ದಂಡಾಧಿಕಾರಿ (ಅಂದರೆ ಜಿಲ್ಲಾಧಿಕಾರಿ) ಮತ್ತು ಎಸ್ಪಿ ಇರುವ ಪರಿಶೀಲನಾ ಸಮಿತಿ ಯಾರ ಶಸ್ತ್ರ ಜಮೆಯಾಗಬೇಕೆಂದು ಒಬ್ಬೊಬ್ಬರನ್ನೇ ನೋಡಿ ನಿರ್ಧರಿಸಬೇಕು, ಜಮೆ ಮಾಡಿದವರಿಗೆ ರಸೀದಿ ಕೊಡಬೇಕು, ಫಲಿತಾಂಶದ ನಂತರದ ವಾರ ಕಳೆದ ಮೇಲೆ ತಡಮಾಡದೆ ಹಿಂದಿರುಗಿಸಬೇಕು ಎಂಬುದು ಆಯೋಗದ ಸೂಚನೆ. ಎರಡನೆಯ ಬಗೆ, ಇಟ್ಟುಕೊಳ್ಳುವ ಹಕ್ಕೇ ಇಲ್ಲವಾದ ಬಂದೂಕು. ಪರವಾನಗಿಯ ಅವಧಿ ಮುಗಿದಿರಬಹುದು, ಅಮಾನತಾಗಿರಬಹುದು, ರದ್ದಾಗಿರಬಹುದು, ಪರವಾನಗಿದಾರ ತೀರಿಕೊಂಡಿರಬಹುದು. ಅಂಥದ್ದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲೋ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಇಡದಿದ್ದರೆ ಅದೇ ಅಪರಾಧ. ಮೂರನೆಯದು ಪ್ರಕರಣವೊಂದರಲ್ಲಿ ಜಪ್ತಾದ ಮುದ್ದೆಮಾಲು. ನಾಲ್ಕನೆಯದು ಹೊಲದಲ್ಲೋ ಬಾವಿಯಲ್ಲೋ ಸಿಕ್ಕಿದ, ಯಾರದೆಂದು ಗೊತ್ತಿಲ್ಲದ ಶಸ್ತ್ರ. ಇವುಗಳಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಮೊದಲನೆಯ ಬಗೆ ಎರಡನೆಯದಾಗಿ ಬದಲಾಗುವ ಕಡೆ. ಚುನಾವಣೆಗೆ ಕೊಟ್ಟ ಬಂದೂಕು ಠಾಣೆಯಲ್ಲೇ ಉಳಿದು, ಅಲ್ಲಿರುವಾಗಲೇ ಪರವಾನಗಿಯ ಅವಧಿ ಮುಗಿಯಿತು ಎನ್ನಿ. ಆ ದಿನ ಏನೂ ನಡೆದಂತೆ ಕಾಣುವುದಿಲ್ಲ. ಕಪಾಟು ಅದೇ, ಬಂದೂಕು ಅದೇ, ಕಟ್ಟಿದ ಚೀಟಿಯೂ ಅದೇ. ಆದರೆ ಅಂದಿನಿಂದ ಅದು 21ನೇ ಕಲಮಿನ ಕೆಳಗೆ ಬಿತ್ತು, ಮುಟ್ಟುಗೋಲಿನ ಹಾದಿ ತೆರೆಯಿತು. ಬಂದೂಕು ಠಾಣೆಯಲ್ಲಿದೆಯಲ್ಲ, ನವೀಕರಣಕ್ಕೇನು ಅವಸರ ಎಂದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅವಧಿ ಉದ್ದವಾದಷ್ಟೂ ಮರೆವೂ ಉದ್ದವಾಗುತ್ತದೆ.

21ನೇ ಕಲಮನ್ನು ನಿಧಾನವಾಗಿ ಓದಬೇಕು, ನಾಗರಿಕನ ಹಕ್ಕಿನ ತಿರುಳಿರುವುದು ಅದರಲ್ಲಿಯೇ. ಠೇವಣಿ ಇಟ್ಟವನಿಗೆ, ಅವನು ತೀರಿಕೊಂಡಿದ್ದರೆ ಅವನ ಕಾನೂನುಬದ್ಧ ವಾರಸುದಾರರಿಗೆ, ನಿಯಮಗಳಲ್ಲಿ ಗೊತ್ತುಮಾಡಿದ ಅವಧಿಯೊಳಗೆ ಎರಡು ಹಕ್ಕುಗಳಿವೆ. ಪರವಾನಗಿ ಮತ್ತೆ ಸಿಕ್ಕರೆ ಬಂದೂಕನ್ನು ವಾಪಸ್ ಪಡೆಯಬಹುದು. ಇಲ್ಲವೇ ಅದನ್ನು ಹೊಂದಲು ಅರ್ಹನಾದ ಬೇರೊಬ್ಬನಿಗೆ ಮಾರಿ ಹಣ ಪಡೆಯಬಹುದು. ಈ ಎರಡನೆಯ ದಾರಿ ಬಹಳ ಜನರಿಗೆ ಗೊತ್ತೇ ಇಲ್ಲ. ಬಂದೂಕು ಬೇಡವಾದ ಮನೆಯವರು ಅದನ್ನು ಕಳೆದುಕೊಳ್ಳಬೇಕಾಗಿಲ್ಲ, ಮಾರಾಟಕ್ಕೆ ಒಪ್ಪಿಗೆ ಬರೆದುಕೊಟ್ಟರೆ ಬೆಲೆ ಅವರಿಗೇ ಸಲ್ಲಬೇಕು. ಅವಧಿಯೊಳಗೆ ಎರಡರಲ್ಲಿ ಒಂದೂ ಆಗದಿದ್ದರೆ ಜಿಲ್ಲಾ ದಂಡಾಧಿಕಾರಿ ಮುಟ್ಟುಗೋಲಿಗೆ ಆದೇಶಿಸಬಹುದು. ಆದರೆ ಆದೇಶಕ್ಕೆ ಮೊದಲು ಲಿಖಿತ ನೋಟಿಸು ಜಾರಿಯಾಗಬೇಕು, ಕಾರಣ ತಿಳಿಸಲು 30 ದಿನ ಕೊಡಬೇಕು, ಕೊಟ್ಟ ಕಾರಣವನ್ನು ಪರಿಗಣಿಸಿಯೇ ತೀರ್ಮಾನಿಸಬೇಕು. ಪರವಾನಗಿ ಅಮಾನತಿನಲ್ಲಿರುವಷ್ಟು ಕಾಲ ಮುಟ್ಟುಗೋಲು ಹಾಕಿಕೊಳ್ಳುವಂತೆಯೇ ಇಲ್ಲ. ಠಾಣಾಧಿಕಾರಿಗಾಗಲೀ ಎಸ್ಪಿಗಾಗಲೀ ಈ ಅಧಿಕಾರವಿಲ್ಲ ಎಂಬುದನ್ನು ಗಮನಿಸಿ. ಬಹಳ ವರ್ಷವಾಯಿತು, ಅದನ್ನು ವಿಲೇವಾರಿ ಮಾಡಿಬಿಟ್ಟರು ಎಂದು ಠಾಣೆಯಲ್ಲಿ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಜಿಲ್ಲಾ ದಂಡಾಧಿಕಾರಿಯವರ ಆದೇಶದ ಸಂಖ್ಯೆ, ದಿನಾಂಕ ಏನು?

ಇಷ್ಟೆಲ್ಲ ನಿಂತಿರುವುದು ಒಂದು ತುಂಡು ಕಾಗದದ ಮೇಲೆ. ಬಂದೂಕು ಕೊಡುವಾಗ ಪಡೆಯುವ ರಸೀದಿಯಲ್ಲಿ ಒಂದು ಬಂದೂಕು ಎಂದಷ್ಟೇ ಬರೆದಿದ್ದರೆ ಅದು ನಾಳೆ ಪ್ರಯೋಜನಕ್ಕೆ ಬಾರದು. ನಳಿಗೆ ಒಂದೋ ಎರಡೋ, ತಯಾರಕರ ಹೆಸರು, ಲೋಹದ ಮೇಲೆ ಕೊರೆದ ಕ್ರಮಸಂಖ್ಯೆ, ಜೊತೆಗೆ ಕೊಟ್ಟ ಗುಂಡುಗಳೆಷ್ಟು, ಪರವಾನಗಿ ಸಂಖ್ಯೆ, ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದಲ್ಲಿರುವ ವಿಶಿಷ್ಟ ಗುರುತಿನ ಸಂಖ್ಯೆ, ಯಾವ ಆದೇಶದ ಮೇರೆಗೆ ಜಮೆ, ಒಯ್ಯಬೇಕಾದ ಕೊನೆಯ ದಿನ ಯಾವುದು, ಪಡೆದವರ ಸಹಿ, ಠಾಣೆಯ ಮೊಹರು ಎಲ್ಲವೂ ಇರಬೇಕು. ಬಂದೂಕಿನ ಸ್ಥಿತಿಯನ್ನೂ ಬರೆಸಿ. ಎಣ್ಣೆ ಕಾಣದೆ ಎರಡು ಮಳೆಗಾಲ ಕಳೆದ ನಳಿಗೆಗೆ ತುಕ್ಕು ಹಿಡಿಯುತ್ತದೆ, ದಾರದಲ್ಲಿ ಕಟ್ಟಿದ ಚೀಟಿಯ ಶಾಯಿ ಮಾಸುತ್ತದೆ. ಆಮೇಲೆ ಕಪಾಟಿನೊಳಗೆ ಒಂದರಂತೆಯೇ ಇನ್ನೊಂದು ಕಾಣುವ ಹಳೆಯ ಬಂದೂಕುಗಳಲ್ಲಿ ನಿಮ್ಮದನ್ನು ಗುರುತಿಸಲು ಉಳಿಯುವುದು ಲೋಹದ ಮೇಲಿನ ಆ ಸಂಖ್ಯೆ ಒಂದೇ. ಕೊಡುವ ಮುನ್ನ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಯಾದಗಿರಿ ಜಿಲ್ಲೆಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ಈ ಜಿಲ್ಲೆ ಕಲಬುರಗಿಯಿಂದ ಬೇರೆಯಾಗಿ ಅಸ್ತಿತ್ವಕ್ಕೆ ಬಂದದ್ದು 2010ರಲ್ಲಿ. ಅದಕ್ಕೂ ಹಿಂದೆ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳ ರೈತರಿಗೆ ಸಿಕ್ಕ ಪರವಾನಗಿಗಳ ಮೇಲೆ ಇರುವುದು ಗುಲಬರ್ಗಾ ಜಿಲ್ಲಾಧಿಕಾರಿಯ ಮೊಹರು. ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳೂ ಆದವು. ಹೀಗಾಗಿ ಅಜ್ಜನ ಬಂದೂಕು ಹುಡುಕುವ ಮೊಮ್ಮಗ ಒಂದೇ ಕಚೇರಿಯಲ್ಲಿ ಕೇಳಿ, ಇಲ್ಲಿ ದಾಖಲೆಯಿಲ್ಲ ಎಂಬ ಉತ್ತರಕ್ಕೆ ಸುಮ್ಮನಾಗಬಾರದು. ಯಾದಗಿರಿ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ಶಾಖೆಗೂ ಕಲಬುರಗಿಯದಕ್ಕೂ ಅರ್ಜಿ ಹಾಕುವುದು ಒಳ್ಳೆಯದು. ಜೊತೆಗೆ ಬೇಕಾಗುವುದು ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಇತರ ವಾರಸುದಾರರ ನಿರಾಕ್ಷೇಪಣಾ ಪತ್ರ, ಇದ್ದರೆ ಹಳೆಯ ಪರವಾನಗಿ ಪುಸ್ತಕ. 2016ರ ಶಸ್ತ್ರಾಸ್ತ್ರ ನಿಯಮಗಳು ವಾರಸುದಾರರಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿವೆ. ಪರವಾನಗಿದಾರನಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಅವನು 25 ವರ್ಷ ಬಂದೂಕು ಹೊಂದಿದ್ದರೆ, ಬದುಕಿರುವಾಗಲೇ ವಾರಸುದಾರನೊಬ್ಬನ ಹೆಸರು ಸೂಚಿಸಿ ವರ್ಗಾಯಿಸಬಹುದು. ಸತ್ತ ಮೇಲಿನ ಓಡಾಟಕ್ಕಿಂತ ಇದು ಎಷ್ಟೋ ಹಗುರ. ಒಂದು ಮಿತಿ ಮಾತ್ರ ನೆನಪಿರಲಿ: 2019ರ ತಿದ್ದುಪಡಿಯ ಬಳಿಕ ಒಬ್ಬನಿಗೆ ಎರಡೇ ಬಂದೂಕು, ಪಿತ್ರಾರ್ಜಿತವಾದರೂ ಅಷ್ಟೇ.

ಮನೆಯ ಅಟ್ಟದಲ್ಲಿ ತೀರಿಕೊಂಡವರ ಬಂದೂಕು ಸಿಕ್ಕರೆ ಅದನ್ನು ಹಿಡಿದು ಠಾಣೆಗೆ ಹೋಗಲು ಜನ ಹೆದರುತ್ತಾರೆ. ಪರವಾನಗಿ ಇಲ್ಲದೆ ಬಂದೂಕು ಹಿಡಿದು ಬಂದೆ ಎಂದು ನನ್ನ ಮೇಲೆಯೇ ಕೇಸು ಹಾಕಿದರೆ? ಭಯ ಸುಳ್ಳಲ್ಲ. ಆದರೆ ಬಚ್ಚಿಟ್ಟರೆ ಅದು ನಿಜವಾಗುವ ಸಾಧ್ಯತೆಯೇ ಹೆಚ್ಚು. ಮೊದಲು ಠಾಣೆಗೂ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರೇ ಬಂದು ಪಂಚರ ಮುಂದೆ ತೆಗೆದುಕೊಂಡು ಹೋಗಲಿ ಎಂದು ಅದರಲ್ಲೇ ಕೋರಿ. ತಡಮಾಡದೆ ಒಪ್ಪಿಸಿದ್ದಕ್ಕೆ ಆ ಪತ್ರವೇ ಸಾಕ್ಷಿ. ಪರವಾನಗಿಯಿಲ್ಲದೆ ಬಂದೂಕು ಹೊಂದಿದ ಆರೋಪದ ಮೇಲೆ ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 39ನೇ ಕಲಂ ಹೇಳುತ್ತದೆ. ನಿಮ್ಮ ಪತ್ರ ಆ ಅಧಿಕಾರಿಯ ಕಡತದಲ್ಲೇ ಇರುತ್ತದೆಂಬುದು ಸಣ್ಣ ರಕ್ಷಣೆಯಲ್ಲ.

ಬಂದೂಕು ಒಪ್ಪಿಸಿ ಎಂಬ ಮಾತಿಗೆ ಈ ಸೀಮೆಯಲ್ಲಿ ಬೇರೆಯದೇ ನೆನಪಿದೆ. 1857ರಲ್ಲಿ ಬ್ರಿಟಿಷರು ತಂದ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆ ನವೆಂಬರಿನಲ್ಲಿ ದಂಗೆ ಎದ್ದರು. ಮರುವರ್ಷದ ಫೆಬ್ರುವರಿಯಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಕಂಪನಿಯ ಸೈನ್ಯವನ್ನು ಎದುರಿಸಿದ. ಸೋತ ಸಂಸ್ಥಾನ ನಿಜಾಮನ ಪಾಲಾಯಿತು. ಅಂದಿನ ಕಾನೂನಿಗೂ ಇಂದಿನದಕ್ಕೂ ಇರುವ ಅಂತರ 21ನೇ ಕಲಮಿನಲ್ಲಿ ಎದ್ದುಕಾಣುತ್ತದೆ: ಅಂದು ಒಪ್ಪಿಸುವುದಷ್ಟೇ ಪ್ರಜೆಯ ಪಾಲು, ಇಂದು ಒಪ್ಪಿಸಿದ ಮೇಲೂ ಹಕ್ಕು ಉಳಿಯುತ್ತದೆ. ಆ ಅಂತರ ಕಾಗದದ ಮೇಲಷ್ಟೇ ಉಳಿಯಬಾರದು ಎಂಬುದೇ ನನ್ನ ವಾದ. ಇತಿಹಾಸದ ಇನ್ನೊಂದು ಎಳೆಯೂ ಇಲ್ಲಿಗೆ ಸೇರುತ್ತದೆ. ಹಳೆಯ ಸಂಸ್ಥಾನದ ಊರಿನಲ್ಲಿ ಅಜ್ಜಂದಿರ ಕಾಲದ ಕೋವಿ ಸಿಕ್ಕರೆ ಆಶ್ಚರ್ಯವಿಲ್ಲ. ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ, ಬಳಕೆ ತಪ್ಪಿದ ಮಾದರಿಯ ಅಥವಾ ಪ್ರಾಚೀನ ಮೌಲ್ಯದ ಶಸ್ತ್ರಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಅನ್ವಯವಾಗುವುದಿಲ್ಲವೆಂದು 45ನೇ ಕಲಂ ಹೇಳುತ್ತದೆ. 100 ವರ್ಷ ಮೀರಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಶ್ನೆಯೂ ಬರುತ್ತದೆ. ಅದು ನಿಜವಾಗಿ ಕೆಟ್ಟಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಪರಿಣತರು, ಮನೆಯವರಲ್ಲ. ಹಾಗೆಯೇ, ಠಾಣೆಯ ಕಪಾಟಿನಲ್ಲಿರುವ ಹಳೆಯ ಕೋವಿಯನ್ನು ಕುಲುಮೆಗೆ ಹಾಕುವ ಮೊದಲು ಪುರಾತತ್ವ ಇಲಾಖೆಯವರಿಗೆ ತೋರಿಸಿ ಎಂದು ಜಿಲ್ಲಾಡಳಿತವನ್ನು ಕೇಳುವುದು ಸುರಪುರದವರಿಗೆ ತಕ್ಕ ಬೇಡಿಕೆ.

ಇಷ್ಟೆಲ್ಲ ಕಾಗದಪತ್ರ ಏಕೆ, ಬಂದೂಕು ಜನರ ಕೈಯಿಂದ ತಪ್ಪಿ ಠಾಣೆಯಲ್ಲಿದ್ದರೆ ಊರಿಗೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಜಗಳವೊಂದರಲ್ಲಿ ಕೈಗೆ ಸಿಗುವ ಬಂದೂಕು ಏನು ಮಾಡಬಲ್ಲದೆಂಬುದನ್ನು ಬಲ್ಲವರ ಮಾತಿದು, ತಳ್ಳಿಹಾಕುವಂಥದ್ದಲ್ಲ. ಆದರೆ ನಾನು ಹೇಳುತ್ತಿರುವುದು ಎಲ್ಲ ಬಂದೂಕುಗಳನ್ನೂ ಮರಳಿಸಿ ಎಂದಲ್ಲ. ಅರ್ಹತೆ ಇಲ್ಲದವನಿಗೆ ವಾಪಸ್ ಕೊಡಲು 21ನೇ ಕಲಂ ಒಪ್ಪುವುದೇ ಇಲ್ಲ. ತೀರ್ಮಾನ ಮಾಡಿ ಎಂಬುದಷ್ಟೇ ಕೋರಿಕೆ: ಮರಳಿಸಿ, ಮಾರಿಸಿ ಅಥವಾ ನೋಟಿಸು ಕೊಟ್ಟು ಮುಟ್ಟುಗೋಲು ಹಾಕಿ. ಮಾಲೀಕನಿಲ್ಲದ, ಲೆಕ್ಕ ಸರಿಯಿಲ್ಲದ ಶಸ್ತ್ರಗಳ ರಾಶಿ ಠಾಣೆಯೊಳಗೇ ಇದ್ದರೂ ಸುರಕ್ಷಿತವಲ್ಲ. 2023ರ ಮೇ ತಿಂಗಳಿಂದ ಮಣಿಪುರದಲ್ಲಿ ಗುಂಪುಗಳು ಪೊಲೀಸ್ ಶಸ್ತ್ರಾಗಾರಗಳಿಂದಲೇ ಸಾವಿರಾರು ಶಸ್ತ್ರಗಳನ್ನು ಲೂಟಿ ಮಾಡಿದವು. ಒಪ್ಪಿಸಿ ಎಂದು 2025ರಲ್ಲಿ ರಾಜ್ಯಪಾಲರೇ ಗಡುವು ಕೊಟ್ಟು ಮನವಿ ಮಾಡಬೇಕಾಯಿತು. ಯಾದಗಿರಿಯಲ್ಲಿ ಅಂಥ ಸ್ಥಿತಿ ಇಲ್ಲ, ಬರುವುದೂ ಬೇಡ. ಆದರೂ ಒಂದು ಮಾತು ಎಲ್ಲ ಕಡೆಗೂ ಒಂದೇ: ಲೆಕ್ಕ ಪಕ್ಕಾ ಇದ್ದಾಗಲೇ ಕಾಣೆಯಾದದ್ದು ಗೊತ್ತಾಗುವುದು.

ಆಡಳಿತದ ಕಡೆಯಿಂದ ಬರುವ ಆಕ್ಷೇಪ ಬೇರೆ. ಠೇವಣಿ ಇಟ್ಟವರು ತೀರಿಕೊಂಡಿದ್ದಾರೆ, ಮಕ್ಕಳು ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿದ್ದಾರೆ, ಹಳೆಯ ವಿಳಾಸದಲ್ಲಿ ಮನೆಗೆ ಬೀಗ, ನೋಟಿಸು ಯಾರಿಗೆ ಕೊಡುವುದು? ವರ್ಷದ ಅರ್ಧ ಭಾಗ ಗುಳೆ ಹೋಗುವ ಊರುಗಳಿರುವ ಜಿಲ್ಲೆಯಲ್ಲಿ ಇದು ನೆಪವಲ್ಲ, ನಿಜವಾದ ಕಷ್ಟ. ಆದರೆ ಕಷ್ಟವೆಂದು ನೋಟಿಸನ್ನೇ ಬಿಟ್ಟುಬಿಡಲು ಕಾನೂನಿನಲ್ಲಿ ಎಡೆಯಿಲ್ಲ. ಪಡಿತರ ಚೀಟಿ, ಮತದಾರರ ಪಟ್ಟಿ, ಪಹಣಿ ಇಷ್ಟನ್ನು ನೋಡಿದರೆ ವಾರಸುದಾರ ಸಿಗದಿರುವುದು ಅಪರೂಪ. ಗ್ರಾಮ ಪಂಚಾಯಿತಿಯ ಫಲಕಕ್ಕೆ ಪಟ್ಟಿ ಅಂಟಿಸಿದರೆ ಊರಿನವರೇ ಫೋನು ಮಾಡಿ ತಿಳಿಸುತ್ತಾರೆ. ಇನ್ನೊಂದು ಕಡೆ ನಾಗರಿಕನಿಗೂ ಕರ್ತವ್ಯವಿದೆ. ವಿಳಾಸ ಬದಲಾದರೆ ತಿಳಿಸದೆ ಸುಮ್ಮನಿದ್ದು, ಆಮೇಲೆ ನನಗೆ ನೋಟಿಸೇ ಬರಲಿಲ್ಲ ಎನ್ನುವವನ ವಾದ ಗಟ್ಟಿ ನಿಲ್ಲುವುದಿಲ್ಲ.

ಜಪ್ತಾದ ಶಸ್ತ್ರದ ದಾರಿ ಬೇರೆ, ಅದು ನ್ಯಾಯಾಲಯದ ಮೂಲಕವೇ ಹೋಗಬೇಕು. ಮುದ್ದೆಮಾಲನ್ನು ಠಾಣೆಯಲ್ಲಿ ಕೊಳೆಯಲು ಬಿಡಬಾರದು, ಹೆಚ್ಚೆಂದರೆ 15 ದಿನದಿಂದ ಒಂದು ತಿಂಗಳು ಎಂದು ಸುಪ್ರೀಂ ಕೋರ್ಟು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇದಕ್ಕೆ ಗಡುವು ಹಾಕಿದೆ: ವಸ್ತು ಹಾಜರಾದ 14 ದಿನದೊಳಗೆ ನ್ಯಾಯಾಲಯ ವಿವರಪಟ್ಟಿ ಮಾಡಬೇಕು, ಫೋಟೊ ಅಥವಾ ವಿಡಿಯೊ ತೆಗೆಸಬೇಕು, ಆಮೇಲೆ 30 ದಿನದೊಳಗೆ ವಿಲೇವಾರಿಗೆ ಆದೇಶಿಸಬೇಕು. ಖುಲಾಸೆಯಾದವರು ತೀರ್ಪಿನ ಪ್ರತಿ ಪಡೆದು ಸುಮ್ಮನಾಗದೆ ಬಂದೂಕಿನ ಬಗ್ಗೆ ಆದೇಶದಲ್ಲಿ ಏನಿದೆಯೆಂದು ವಕೀಲರ ಬಳಿ ಓದಿಸಿಕೊಳ್ಳಬೇಕು. ಹೊಲದಲ್ಲಿ, ಬಸ್ ನಿಲ್ದಾಣದಲ್ಲಿ, ಸರ್ಕಾರಿ ಕಚೇರಿಯ ಮೂಲೆಯಲ್ಲಿ ಸಿಕ್ಕಿದ ಶಸ್ತ್ರವನ್ನಂತೂ ಮುಟ್ಟಲೇಬಾರದು, 112ಕ್ಕೆ ಕರೆ ಮಾಡಬೇಕು. ಪೊಲೀಸರು ಜಪ್ತು ಮಾಡಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಿದಾಗ, ಹಕ್ಕುದಾರ ಯಾರೆಂದು ತಿಳಿಯದಿದ್ದರೆ ಅದೇ ಸಂಹಿತೆಯ 503ನೇ ಕಲಮಿನಂತೆ ಪ್ರಕಟಣೆ ಹೊರಡುತ್ತದೆ. 6 ತಿಂಗಳೊಳಗೆ ಹಕ್ಕುದಾರರು ಬರಬೇಕು, ಬಾರದಿದ್ದರೆ ಅದು ರಾಜ್ಯ ಸರ್ಕಾರದ ವಿಲೇವಾರಿಗೆ ಸೇರುತ್ತದೆ.

ಮುಟ್ಟುಗೋಲಿನ ಆದೇಶ ಬಂದ ಮೇಲೆ ಏನು ದಾರಿ? ಇಲ್ಲೊಂದು ಸೂಕ್ಷ್ಮವಿದೆ. ಪರವಾನಗಿ ನಿರಾಕರಿಸಿದರೆ, ಅಮಾನತು ಮಾಡಿದರೆ, ರದ್ದುಪಡಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 18ನೇ ಕಲಮಿನಲ್ಲಿ ಮೇಲ್ಮನವಿ ಉಂಟು. 21ನೇ ಕಲಮಿನ ಮುಟ್ಟುಗೋಲಿನ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನೋಟಿಸಿಗೆ ಉತ್ತರಿಸುವ ಆ 30 ದಿನಗಳೇ ನಿಜವಾದ ಅವಕಾಶ. ಅದನ್ನು ಕಳೆದುಕೊಂಡರೆ ಉಳಿಯುವುದು ಎರಡು ದಾರಿ. ಮುಟ್ಟುಗೋಲಾದ ವಸ್ತುವನ್ನಾಗಲಿ, ಅದನ್ನು ಮಾರಿ ಬಂದ ಹಣವನ್ನಾಗಲಿ, ಪೂರ್ತಿಯಾಗಿ ಅಥವಾ ಭಾಗಶಃ ಯಾವಾಗ ಬೇಕಾದರೂ ಮರಳಿಸಲು ಸರ್ಕಾರಕ್ಕೆ 21ನೇ ಕಲಮಿನ ಕೊನೆಯ ಉಪಕಲಂ ಅಧಿಕಾರ ಕೊಟ್ಟಿದೆ, ಅದರಡಿ ಮನವಿ ಸಲ್ಲಿಸಬಹುದು. ನೋಟಿಸೇ ಇಲ್ಲದೆ ಆದೇಶವಾಗಿದ್ದರೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ ಹಾಕಬಹುದು. ರಿಟ್‌ಗೆ ಮೊದಲು ಮನವಿ ಕೊಟ್ಟು ನೋಡುವುದು ಖರ್ಚಿನ ದೃಷ್ಟಿಯಿಂದ ಜಾಣತನ.

ಠಾಣೆಯ ಬಾಯಿಮಾತು ಸಾಲದೆನಿಸಿದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಎಸ್ಪಿ ಕಚೇರಿಗೆ ಅರ್ಜಿ ಕೊಡಿ: ನಿಮ್ಮ ಹೆಸರಿನ ಅಥವಾ ತೀರಿಕೊಂಡ ನಿಮ್ಮ ತಂದೆಯ ಹೆಸರಿನ ಬಂದೂಕು ಎಲ್ಲಿದೆ, ಯಾವ ದಿನ ಜಮೆಯಾಯಿತು, ಯಾವ ಆದೇಶದಿಂದ ವಿಲೇವಾರಿಯಾಯಿತು. 30 ದಿನದೊಳಗೆ ಉತ್ತರ ಬರಬೇಕು. ವಕೀಲರ ಶುಲ್ಕ ಭರಿಸಲಾಗದವರಿಗೆ ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯವನ್ನು ಕೇಳದೆಯೇ ಉಚಿತ ನೆರವು ಸಿಗುತ್ತದೆ. ಸುರಪುರ ಭಾಗದ ವಾಲ್ಮೀಕಿ ನಾಯಕ ಕುಟುಂಬಗಳೂ, ಗಂಡನ ಬಂದೂಕಿನ ಗತಿಯೇನೆಂದು ತಿಳಿಯದ ಹೆಣ್ಣುಮಕ್ಕಳೂ ಇದರಲ್ಲಿ ಸೇರುತ್ತಾರೆ. ಸಹಾಯವಾಣಿ 15100. ಮುಂದಿನ ಚುನಾವಣೆಯ ಅಧಿಸೂಚನೆ ಹೊರಡುವ ಮುನ್ನ ನಿಮ್ಮ ಮನೆಯ ಟ್ರಂಕಿನಲ್ಲಿ, ಹಳೆಯ ಪಹಣಿಗಳ ಕಟ್ಟಿನಲ್ಲಿ ಠಾಣೆಯ ಮೊಹರಿರುವ ರಸೀದಿ ಇದೆಯೇ ಎಂದು ಒಮ್ಮೆ ಹುಡುಕಿ. ಸಿಕ್ಕರೆ ಅದರ ಮೇಲಿನ ದಿನಾಂಕ ನೋಡಿ, ನಕಲು ಮಾಡಿಸಿಕೊಂಡು, ಈ ವಾರದೊಳಗೇ ಠಾಣೆಗೆ ಹೋಗಿ ಬನ್ನಿ.